ಟೂಲಿಗೆ ಬರೆದ ನಾಲ್ಕು ಸಾಲು

ಹುಣಸೂರಿನ ಹೊಗೆಸೊಪ್ಪಿನ ಹರಾಜು ದರವಾಗಲಿ, ಎಚ್.ಡಿ. ಕೋಟೆಯ ಕಬಿನಿ ನೀರಿನ ಮಟ್ಟವಾಗಲಿ, ನಮ್ಮವರು ಓದುವುದು ಮೊಬೈಲಿನಲ್ಲೇ. ಹಾಗಾಗಿ ಹೇಳಿದಂತೆ ಥೀಮ್ ಬದಲಿಸುವ ಎಐ ಏಜೆಂಟ್ ತಂದಾಗ ನಾವು ತಲೆಕೆಡಿಸಿಕೊಂಡದ್ದು ಬಣ್ಣಕ್ಕಲ್ಲ, ಟೂಲ್‌ಗಳ ವಿವರಣೆಗೆ. ಯಾವ ಟೂಲನ್ನು ಯಾವಾಗ ಬಳಸಬೇಕೆಂದು ಏಜೆಂಟ್ ತೀರ್ಮಾನಿಸುವುದು ಅದನ್ನು ಓದಿಯೇ.

ಒಂದು ಟೂಲಿನ ಜೊತೆ ಬಂದಿದ್ದ ವಿವರಣೆ: ‘ಅಕ್ಷರ ಶೈಲಿ ಬದಲಿಸುತ್ತದೆ.’ ಯಾವ ಅಕ್ಷರ? ಶೀರ್ಷಿಕೆಯದೋ, ಸುದ್ದಿಯದೋ? ವರದಿಗಾರ ಹೀಗೆ ಬರೆದು ಕಳಿಸಿದ್ದರೆ ಡೆಸ್ಕಿನವರು ವಾಪಸ್ ಕಳಿಸುತ್ತಿದ್ದರು. ಇಂಗ್ಲಿಷಿಗೆ 1.2 ಪಟ್ಟು ಸಾಲಿನ ಎತ್ತರ ಸಾಕಾದೀತು. ಕನ್ನಡದಲ್ಲಿ ‘ರಾಷ್ಟ್ರ’ದ ಒತ್ತುಗಳು ಕೆಳಗಿನ ಸಾಲಿಗೆ ತಾಗುತ್ತವೆ.

ನಾವು ಬರೆದದ್ದು: ‘ಸುದ್ದಿಯ ಫಾಂಟ್, ಗಾತ್ರ, ಸಾಲಿನ ಎತ್ತರ ಮಾತ್ರ ಬದಲಿಸುತ್ತದೆ. ಗಾತ್ರ ಪಿಕ್ಸೆಲ್‌ನಲ್ಲಿ, 16ರಿಂದ 22, ಎತ್ತರ 1.6ಕ್ಕಿಂತ ಕಡಿಮೆ ಬೇಡ. ಶೀರ್ಷಿಕೆ, ದರಪಟ್ಟಿ ಮುಟ್ಟುವುದಿಲ್ಲ. ಬಣ್ಣಕ್ಕೆ ಬೇರೆ ಟೂಲ್ ಇದೆ.’

ಹೆಚ್ಚು ಚರ್ಚೆಯಾದದ್ದು ‘ಮುಟ್ಟುವುದಿಲ್ಲ’ ಎಂಬುದರ ಮೇಲೆ. ಪಟ್ಟಿಯ ಸಾಲು ಸರಿದು ಒಂದು ದರ್ಜೆಯ ಸೊಪ್ಪಿನ ಬೆಲೆ ಇನ್ನೊಂದರ ಮುಂದೆ ಕಂಡರೆ, ಪಿರಿಯಾಪಟ್ಟಣದಲ್ಲಿ ಬೇಲು ಕಟ್ಟಿ ಕೂತ ರೈತರ ಲೆಕ್ಕವೇ ತಪ್ಪುತ್ತದೆ. ವಿವರಣೆ ಓದಿಯೂ ಏಜೆಂಟ್ ಎಡವಬಹುದು. ಅದಕ್ಕೇ ಆ ಮಿತಿಗಳನ್ನು ಕೋಡಿನಲ್ಲೂ ಹಾಕಿಸಿದ್ದೇವೆ.