ಸುಣ್ಣದ ಕುಂಚ ಹಿಡಿದಾಗ

ಯುಗಾದಿ ಹತ್ತಿರ ಬಂತೆಂದರೆ ಮಾಗಡಿ ಕಡೆಯ ನಮ್ಮ ಹಳ್ಳಿಯಲ್ಲಿ ಹೊರಗೋಡೆಗಳ ಮಾತು ಶುರುವಾಗುತ್ತದೆ. ಗುತ್ತಿಗೆಗೆ ಕೊಡುವುದೋ, ನಾವೇ ಕೈಹಚ್ಚುವುದೋ? ಬೇರೆಯವರಿಗೆ ಅದು ಖರ್ಚಿನ ಪ್ರಶ್ನೆ. ನನಗೆ ವರ್ಷವಿಡೀ ಕಾಯುವ ಸಂಭ್ರಮ.

ನಮ್ಮದು ಹೆಂಚಿನ ಮನೆ. ಬುಡದಲ್ಲಿ ಕಲ್ಲು ಕಟ್ಟಡ, ಅದರ ಮೇಲೆ ಮಣ್ಣಿನ ಗೋಡೆ. ಆ ಕಲ್ಲು ರಾಮನಗರದ ಹಳೆಯ ಹೆಸರನ್ನು ಹೊತ್ತ ಕ್ಲೋಸ್‌ಪೇಟೆ ಗ್ರಾನೈಟ್, ಅದಕ್ಕೆ ಸುಮಾರು 250 ಕೋಟಿ ವರ್ಷ ವಯಸ್ಸು. ಅದಕ್ಕೆ ನಾವು ಹೊದಿಸಬೇಕಾದ್ದೇನೂ ಇಲ್ಲ. ಹೊದಿಕೆ ಬೇಕಿರುವುದು ಮಣ್ಣಿಗೆ.

"ಅಣ್ಣ, ಒಂದ್ಸಲ ಸಿಮೆಂಟ್ ಗಿಲಾವು ಮಾಡ್ಸಿ, ಮೇಲೆ ಎಮಲ್ಷನ್ ಹೊಡ್ಸಿಬಿಡಿ. ಆಮೇಲೆ ಗೋಡೆ ಕಡೆ ತಿರುಗಿ ನೋಡಂಗಿಲ್ಲ" ಅನ್ನುತ್ತಾರೆ ಗಾರೆ ಮೇಸ್ತ್ರಿ. ಇಟ್ಟಿಗೆ ಮನೆಗಾದರೆ ಸರಿಯಾದ ಮಾತು. ಆದರೆ ಮಣ್ಣಿನ ಗೋಡೆ ತೇವ ಎಳೆದುಕೊಳ್ಳುತ್ತದೆ, ಬಿಸಿಲಿಗೆ ಬಿಟ್ಟುಕೊಡುತ್ತದೆ. ಸಿಮೆಂಟು ಆ ದಾರಿ ಮುಚ್ಚಿದರೆ ಒಳಗೆ ಮಣ್ಣು ಮೆತ್ತಗಾಗಿ, ಗಿಲಾವು ಹಪ್ಪಳದ ಹಾಗೆ ಎದ್ದು ಬರುತ್ತದೆ. ಸುಣ್ಣ ತೇವಕ್ಕೆ ಅಡ್ಡ ಬರುವುದಿಲ್ಲ. ಅಲ್ಲದೆ, ಗೋಡೆ ಕಡೆ ತಿರುಗಿ ನೋಡದೆ ಇರುವುದು ನನಗೆ ಬೇಕಾಗಿಯೂ ಇಲ್ಲ.

ಗೂಡಿನಲ್ಲಿ ಸುಟ್ಟು ತಂದ ಸುಣ್ಣದ ಕಲ್ಲನ್ನು ನೀರಿಗೆ ಬಿಡುವ ಸಂಜೆಯೇ ಒಂದು ಹಬ್ಬ. ಬುಸುಗುಟ್ಟುತ್ತಾ, ಕುದಿಯುತ್ತಾ, ಆವಿ ಬಿಡುತ್ತಾ ಅದು ಅರಳುತ್ತದೆ. ಮಕ್ಕಳನ್ನು ದೂರ ನಿಲ್ಲಿಸಬೇಕು. ಒಂದು ಹನಿ ಕಣ್ಣಿಗೆ ಸಿಡಿದರೂ ಅಪಾಯ. ರೇಷ್ಮೆ ಸಾಕುವ ನಮ್ಮ ಸೀಮೆಯವರಿಗೆ ಸುಣ್ಣ ಹೊಸದಲ್ಲ. ಹುಳು ಜ್ವರಕ್ಕೆ ಕೂತಾಗ, ಅಂದರೆ ಪೊರೆ ಬಿಡುವಾಗ, ಅದರ ಹಾಸಿಗೆ ಒಣಗಲೆಂದು ಉದುರಿಸುವುದೂ ಸುಣ್ಣದ ಪುಡಿಯನ್ನೇ. ಅರಳಿದ ಸುಣ್ಣ ರಾತ್ರಿಯೆಲ್ಲಾ ನೆನೆಯಬೇಕು. ಬೆಳಿಗ್ಗೆ ಹಳೆ ಪಂಚೆಯಲ್ಲಿ ಸೋಸಿ, ಚಿಟಿಕೆ ನೀಲಿ ಬೆರೆಸಿ, ಕೈಗೆ ಕೊಬ್ಬರಿ ಎಣ್ಣೆ ಸವರಿಕೊಂಡು ಕುಂಚ ಹಿಡಿಯುತ್ತೇನೆ. ಮೊದಲು ಗೋಡೆಗೆ ನೀರು ಚಿಮುಕಿಸಬೇಕು, ಇಲ್ಲದಿದ್ದರೆ ಒಣಮಣ್ಣು ಸುಣ್ಣದ ನೀರನ್ನೆಲ್ಲಾ ಹೀರಿ, ಬಳಿದದ್ದು ಪುಡಿಯಾಗಿ ಉದುರುತ್ತದೆ.

ಹಸಿಯಾಗಿದ್ದಾಗ ಬಳಿದದ್ದು ಕಾಣುವುದೇ ಇಲ್ಲ, ಗೋಡೆ ಮಂಕಾಗಿರುತ್ತದೆ. ಹೊಸಬರು ಗಾಬರಿಯಾಗಿ ದಪ್ಪ ಬಳಿಯುವುದು ಇಲ್ಲೇ. ತೆಳ್ಳಗೆ ಬಳಿದು ಕಾದರೆ ಬಿಳುಪು ತಾನಾಗಿ ಮೇಲೇಳುತ್ತದೆ. ಒಣಗಿದ ಮೇಲೆ ಮತ್ತೊಂದು ಸುತ್ತು, ಇನ್ನೊಂದು ಸುತ್ತು. ಸುಣ್ಣ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಮತ್ತೆ ಸುಣ್ಣಕಲ್ಲೇ ಆಗುತ್ತದೆ. ಗೂಡಿನಲ್ಲಿ ಬೆಂದ ಕಲ್ಲು ನನ್ನ ಗೋಡೆಯ ಮೇಲೆ ಪುನಃ ಕಲ್ಲಾಗುವುದನ್ನು ನೆನೆದಾಗಲೆಲ್ಲಾ ನನಗೆ ಮೈ ಜುಮ್ಮೆನ್ನುತ್ತದೆ. ಕೊನೆಗೆ ಬುಡಕ್ಕೆ ಕೆಮ್ಮಣ್ಣಿನ ಪಟ್ಟೆ; ಅದನ್ನು ಎಳೆಯುವ ಹಕ್ಕು ನಮ್ಮ ಅವ್ವನದು.

ಮಾಳಿಗೆಯ ಎತ್ತರದ ಗೋಡೆಗೆ ಮಾತ್ರ ನಾನು ಹತ್ತುವುದಿಲ್ಲ. ಅಲ್ಲಿಗೆ ಸಾರುವೆ ಕಟ್ಟಬೇಕು. ಅದು ಕಟ್ಟಿ ಪಳಗಿದವರ ಕೆಲಸ, ಅವರ ಕೂಲಿಗೆ ಚೌಕಾಸಿ ಸಲ್ಲದು. ಬಿರುಕು ಬಿಟ್ಟ ಗೋಡೆ, ನೀರು ಸೋರುವ ತಾರಸಿ ಇವನ್ನೂ ಮೇಸ್ತ್ರಿಗೇ ಬಿಡಿ. ಚದರಡಿ ದರ, ಸಾಮಾನು ಯಾರದು ಎಂಬುದನ್ನು ಮೊದಲೇ ಬರೆಸಿಕೊಳ್ಳಿ. ನೆಲದ ಮೇಲೆ ನಿಂತು ಕೈಗೆಟುಕುವಷ್ಟು ಗೋಡೆಯನ್ನು ಮಾತ್ರ ಯಾರಿಗೂ ಬಿಟ್ಟುಕೊಡಬೇಡಿ, ಈ ಯುಗಾದಿಗೆ ನೀವೇ ಬಳಿಯಿರಿ.