ಹೆಸರಿನ ಮೇಲಿನ ಋಣ

ನಮ್ಮ ಹಿರಿಯ ಮಗನು ಮನೆ ಕಟ್ಟಿಸಲು ಬ್ಯಾಂಕಿನಲ್ಲಿ ಸಾಲ ಕೋರಿದಾಗ ಸಹ ಅರ್ಜಿದಾರರಾಗಿ ನಾವೂ ಸಹಿ ಹಾಕಿದ್ದೆವು. ಹದಿನೈದು ದಿನಗಳಲ್ಲಿ ಅರ್ಜಿ ತಿರಸ್ಕೃತವಾಯಿತು. ದೋಷ ಮಗನದಲ್ಲ, ನಮ್ಮದು. 300ರಿಂದ 900ರವರೆಗೆ ಎಣಿಸುವ ಸಿಬಿಲ್ ಅಂಕದಲ್ಲಿ ನಾವು 600ನ್ನೂ ಮುಟ್ಟಿರಲಿಲ್ಲ. ಯಾರದೂ ಒಂದು ಕಾಸು ಉಳಿಸಿಕೊಂಡವರಲ್ಲವೆಂದು ನಾಲ್ಕು ಜನರೆದುರು ಹೇಳಿಕೊಳ್ಳುತ್ತಿದ್ದ ನಮಗೆ ಅಂದು ಸೊಸೆಯ ಮುಖ ನೋಡುವುದೇ ಕಷ್ಟವಾಯಿತು.

ಸಿಬಿಲ್ ಸರಿಪಡಿಸಿಕೊಡುತ್ತೇವೆಂಬ ಫಲಕವಿದ್ದ ಕಚೇರಿಯೊಂದಕ್ಕೆ ಹೋದೆವು. ಹಣೆಯ ಮೇಲೆ ವಿಭೂತಿ ಧರಿಸಿದ್ದ ತರುಣನೊಬ್ಬ 'ಶರಣು' ಎಂದು ಕೈಮುಗಿದು ಕುರ್ಚಿ ಎಳೆದುಕೊಟ್ಟ. ಮುಂಗಡ 12,000 ರೂಪಾಯಿ, ಪ್ಯಾನ್ ಮತ್ತು ಆಧಾರ್ ಪ್ರತಿ, ಮೊಬೈಲಿಗೆ ಬರುವ ಗುಪ್ತ ಸಂಖ್ಯೆ ಇಷ್ಟನ್ನು ಕೊಟ್ಟರೆ ಒಂದೇ ತಿಂಗಳಲ್ಲಿ 750 ದಾಟಿಸುವೆನೆಂದ. ನಮ್ಮವನೇ ಎಂಬ ಒಂದೇ ಕಾರಣಕ್ಕೆ ಅಂದೇ ಕೊಟ್ಟುಬಿಡುತ್ತಿದ್ದೆವು. ಚೆಕ್ ಪುಸ್ತಕ ಮನೆಯಲ್ಲಿತ್ತು.

ಮನೆಗೆ ಬಂದು ಹೇಳಿದಾಗ ನಮ್ಮ ಮನೆಯವರು ಕೇಳಿದ್ದು ಒಂದೇ ಮಾತು: "ಅದು ಯಾವ ಸಾಲ ಅಂತ ಆ ಹುಡುಗ ಕೇಳಿದನೇನ್ರೀ?"

ಕೇಳಿರಲಿಲ್ಲ.

ಮರುದಿನ, ಸಹಕಾರಿ ಸಂಘದಲ್ಲಿ ಕಾರ್ಯದರ್ಶಿಯಾಗಿದ್ದು ನಿವೃತ್ತರಾದ ಹಿರಿಯರೊಬ್ಬರ ಬಳಿಗೆ ಹೋದೆವು. ಅವರು ಮೊದಲು ವರದಿಯನ್ನು ತರಿಸಿದರು. ಸಿಬಿಲ್ ಸೇರಿ ಇಂತಹ ನಾಲ್ಕು ಕಂಪನಿಗಳಿದ್ದು, ಪ್ರತಿಯೊಂದೂ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕೆಂಬ ರಿಸರ್ವ್ ಬ್ಯಾಂಕಿನ ನಿಯಮ 2017ರಿಂದಲೇ ಇದೆಯಂತೆ. ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರ ಹೆಸರು ಹೇಳುವ ನಾವು ನಮ್ಮದೇ ಲೆಕ್ಕವನ್ನು ಒಮ್ಮೆಯೂ ತೆರೆದು ನೋಡಿರಲಿಲ್ಲ.

ಎರಡು ಕಲೆಗಳಿದ್ದವು. ಒಂದು, ನಮ್ಮದೇ ಹೆಸರಿನ ಬೇರೆ ಯಾರೋ ದೂರದ ಊರಿನಲ್ಲಿ ಮಾಡಿದ ಸಾಲ. ಇನ್ನೊಂದು, ನಮ್ಮ ಭಾವಮೈದುನನ ಟ್ರ್ಯಾಕ್ಟರ್ ಸಾಲ. ಅದಕ್ಕೆ ನಾವು ಜಾಮೀನು ನಿಂತಿದ್ದೆವು. ಮಳೆ ಕೈಕೊಟ್ಟ ವರ್ಷ ಅವನು ನಾಲ್ಕು ಕಂತು ತಪ್ಪಿಸಿದ್ದ. ಜಾಮೀನುದಾರನ ವರದಿಯಲ್ಲಿಯೂ ಅದು ಮೂಡುತ್ತದೆಂಬುದು ನಮಗೆ ತಿಳಿದಿರಲಿಲ್ಲ.

"ಮೊದಲನೆಯದು ಸುಳ್ಳು, ಅದು ಹೋಗುತ್ತದೆ. ಎರಡನೆಯದು ನಿಜ. ನಿಜವನ್ನು ಅಳಿಸುತ್ತೇನೆಂದು ಬಂದವನಿಗೆ ತಾವು ಬಾಗಿಲು ತೆರೆಯಬೇಡಿ ಯಜಮಾನರೇ" ಎಂದರು ಹಿರಿಯರು. ಬ್ಯಾಂಕಿನೊಡನೆ ಮಾತನಾಡಿ ಕಡಿಮೆ ಹಣಕ್ಕೆ ಸಾಲ ಚುಕ್ತಾ ಮಾಡಿಸಿಕೊಡುವವರೂ ಇದ್ದಾರೆ. ಆದರೆ ಆಗ ವರದಿಯಲ್ಲಿ ಸಾಲ ಪೂರ್ತಿ ತೀರಿತೆಂದಲ್ಲ, 'ರಾಜಿಯಾಯಿತು' ಎಂದು ದಾಖಲಾಗುತ್ತದೆ, ಮುಂದಿನ ಬ್ಯಾಂಕಿನವರು ಅದನ್ನು ಒಳ್ಳೆಯ ಗುರುತೆಂದು ಎಣಿಸುವುದಿಲ್ಲ ಎಂದೂ ಎಚ್ಚರಿಸಿದರು.

ಸುಳ್ಳು ದಾಖಲೆಯ ಬಗ್ಗೆ ಕಂಪನಿಗೆ ನಾವೇ ತಕರಾರು ಸಲ್ಲಿಸಿದೆವು. ಅದಕ್ಕೆ ಶುಲ್ಕವಿಲ್ಲ. 30 ದಿನಗಳಲ್ಲಿ ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂಬ ನಿಯಮ 2024ರಲ್ಲಿ ಜಾರಿಗೆ ಬಂದಿದೆ. ಅದಕ್ಕೂ ಬಗ್ಗದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ನರಿಗೆ ದೂರು ಕೊಡಬಹುದು. ನಮಗೆ ಅಲ್ಲಿಯವರೆಗೆ ಹೋಗುವ ಪ್ರಮೇಯ ಬರಲಿಲ್ಲ. 26ನೆಯ ದಿನ ಆ ದಾಖಲೆ ಹೋಯಿತು. ಬರೆದುಕೊಟ್ಟ ಕಾಯಕಕ್ಕೆಂದು ಹಿರಿಯರು ತೆಗೆದುಕೊಂಡದ್ದು 300 ರೂಪಾಯಿ, ಅದೂ ಕೆಲಸ ಮುಗಿದ ಮೇಲೆ.

ಭಾವಮೈದುನನೊಡನೆ ಮಾತನಾಡುವುದೇ ಎಲ್ಲಕ್ಕಿಂತ ಕಠಿಣವಾಗಿತ್ತು. ಅವನು ತಲೆ ತಗ್ಗಿಸಿ ಕೇಳಿದ. ಬಾಕಿ ಕಟ್ಟಿದ್ದಾನೆ, ಈಗ ಕಂತು ತಪ್ಪಿಸುತ್ತಿಲ್ಲ. ನಮ್ಮ ಅಂಕ ಏರಿದೆ, ಆದರೆ ಬ್ಯಾಂಕಿನವರು ಕೇಳುವಷ್ಟಿಲ್ಲ. ಮಗನ ಮನೆಯ ತಳಪಾಯದ ಕಲ್ಲುಗಳು ಇನ್ನೂ ಅಂಗಳದಲ್ಲಿಯೇ ಇವೆ. ಬಸವ ಜಯಂತಿಯಂದು ಭಾವಮೈದುನ ಒಂದು ಚೀಲ ಜೋಳ ತಂದಿಳಿಸಿ, ಆ ಕಲ್ಲುಗಳ ಮೇಲೆಯೇ ಸ್ವಲ್ಪ ಹೊತ್ತು ಕುಳಿತು, ಪ್ರಸಾದ ಸ್ವೀಕರಿಸಿ ಹೋದ.