ಬರೆದಿಟ್ಟ ಬಾಗಿಲು

ನವೆಂಬರ್ ಬಂತೆಂದರೆ ಮುಧೋಳ–ಜಮಖಂಡಿ ರಸ್ತೆಯಲ್ಲಿ ಬಸ್ಸು ಹೊತ್ತಿಗೆ ಸರಿಯಾಗಿ ಮುಟ್ಟುತ್ತದೆಂಬ ಆಸೆಯನ್ನು ಯಾರೂ ಇಟ್ಟುಕೊಳ್ಳುವುದಿಲ್ಲ. ಘಟಪ್ರಭೆ, ಕೃಷ್ಣೆಯರ ನಡುವಿನ ಈ ಕರಿನೆಲದಲ್ಲಿ ಕಬ್ಬು ನುರಿಸುವ ಹಂಗಾಮು ಶುರುವಾಗಿರುತ್ತದೆ. 1989ರಲ್ಲಿ ರೈತರೇ ಹಣ ಕೂಡಿಸಿ, ಬೆವರು ಸುರಿಸಿ ಚಿಕ್ಕಪಡಸಲಗಿಯಲ್ಲಿ ಬ್ಯಾರೇಜು ಕಟ್ಟಿಕೊಂಡ ನಾಡಿದು. ನೀರು ಬಂದಲ್ಲಿ ಕಬ್ಬು ಬಂತು, ಕಬ್ಬು ಬಂದಲ್ಲಿ ಟ್ರ್ಯಾಕ್ಟರು ಬಂತು. ಒಂದೊಂದು ಟ್ರ್ಯಾಕ್ಟರಿನ ಹಿಂದೆ ಎರಡೆರಡು ಟ್ರೇಲರ್, ಅವುಗಳ ಮೇಲೆ ಮನೆಯೆತ್ತರ ಕಬ್ಬು, ಜೊತೆಗೆ ಊರಿಗೆಲ್ಲ ಕೇಳುವ ಹಾಡು. ಎಲ್ಲವೂ ಹೊರಟಿರುವುದು ಕಾರ್ಖಾನೆಯ ಒಂದೇ ಬಾಗಿಲಿಗೆ.

ಆ ಬಾಗಿಲಲ್ಲಿ ಒಬ್ಬ ಮನುಷ್ಯ ನಿಂತಿರುತ್ತಾನೆ. ಟೋಕನ್ ನೋಡುತ್ತಾನೆ, ಈ ಗಾಡಿ ಆ ಕಾಟಾಕ್ಕೆ, ಆ ಗಾಡಿ ಈ ಕಾಟಾಕ್ಕೆ ಎಂದು ಕೈ ತೋರಿಸುತ್ತಾನೆ. ಒಂದು ತೂಕದ ಕಾಟಾ ಕೆಟ್ಟು ನಿಂತರೆ ಅತ್ತ ಗಾಡಿ ಕಳಿಸುವುದನ್ನು ನಿಲ್ಲಿಸುತ್ತಾನೆ; ರಿಪೇರಿಯಾಯಿತೆಂದು ಖಾತ್ರಿಯಾದ ಮೇಲಷ್ಟೇ ಮತ್ತೆ ಕಳಿಸುತ್ತಾನೆ. ಅವನು ಕಬ್ಬು ತೂಗುವುದಿಲ್ಲ, ನುರಿಸುವುದಿಲ್ಲ, ಸಕ್ಕರೆ ಮಾಡುವುದಿಲ್ಲ. ಆದರೆ ಅವನು ಅರ್ಧ ತಾಸು ಚಹಾಕ್ಕೆ ಹೋದರೆ ಸಾಲು ರಸ್ತೆಗೆ ಬರುತ್ತದೆ. ಕಡಿದ ಕಬ್ಬು ಬಿಸಿಲಿಗೆ ಒಣಗಿದಷ್ಟೂ ತೂಕ ಕಡಿಮೆ, ತೂಕ ಕಡಿಮೆಯಾದಷ್ಟೂ ರೈತನ ಕೈಗೆ ಬರುವ ದುಡ್ಡು ಕಡಿಮೆ.

ಕಂಪ್ಯೂಟರ್ ಲೋಕದಲ್ಲಿ ಈ ಮನುಷ್ಯನ ಹೆಸರು ಲೋಡ್ ಬ್ಯಾಲೆನ್ಸರ್. ಹೊರೆಯನ್ನು ಸರಿಯಾಗಿ ಹಂಚುವವನು.

ಒಂದು ಕಾಲಕ್ಕೆ ಎಸ್ಸೆಸ್ಸೆಲ್ಸಿ ಫಲಿತಾಂಶವೆಂದರೆ ಶಾಲೆಯ ನೋಟೀಸ್ ಬೋರ್ಡು. ಅಲ್ಲಿ ನೂಕುನುಗ್ಗಲಾದರೆ ಗುಮಾಸ್ತರು ಇನ್ನೊಂದು ಪ್ರತಿಯನ್ನು ಹಿಂದಿನ ಗೋಡೆಗೆ ಅಂಟಿಸಿ, ಅರ್ಧ ಮಂದಿಯನ್ನು ಅತ್ತ ಅಟ್ಟುತ್ತಿದ್ದರು. ಈಗ ಬೀಳಗಿಯ ಹುಡುಗಿ, ಬೀದರಿನ ಹುಡುಗ, ಬೆಂಗಳೂರಿನ ಅಪ್ಪ ಎಲ್ಲರೂ ಒಂದೇ ನಿಮಿಷದಲ್ಲಿ ಒಂದೇ ವಿಳಾಸವನ್ನು ತಟ್ಟುತ್ತಾರೆ. 2021ರ ಏಪ್ರಿಲ್ 28ರಂದು 18 ವರ್ಷ ಮೇಲ್ಪಟ್ಟವರಿಗೆ ಕೊರೊನಾ ಲಸಿಕೆಯ ನೋಂದಣಿ ತೆರೆದಾಗ ಕೋವಿನ್‌ನಲ್ಲಿ ಮೊದಲ ದಿನವೇ ಒಂದು ಕೋಟಿಗೂ ಹೆಚ್ಚು ಜನ ಹೆಸರು ಬರೆಸಿದ್ದರು. ಇಂಥ ಹೊರೆಯನ್ನು ಒಂದೇ ಯಂತ್ರ, ಅದೆಷ್ಟೇ ದೊಡ್ಡದಿರಲಿ, ಹೊರಲಾರದು. ಅದೇ ಕೆಲಸ ಮಾಡುವ ಹತ್ತು ಯಂತ್ರಗಳನ್ನಿಟ್ಟು, ಅವುಗಳ ಮುಂದೆ ಒಬ್ಬ ಕೈ ತೋರಿಸುವವನನ್ನು ನಿಲ್ಲಿಸಬೇಕು.

ಒಂದು ವ್ಯತ್ಯಾಸವುಂಟು. ಕಬ್ಬಿನ ಗಾಡಿ ಒಂದು ರಾತ್ರಿ ಕಾಯುತ್ತದೆ. ಮೊಬೈಲಿನ ಪರದೆ ಕಾಯುವುದಿಲ್ಲ. ಬಾಗಿಲವನು ಕೈ ತೋರಿಸಿದರೂ ಒಳಗಿನ ಯಂತ್ರದಿಂದ ಗೊತ್ತಾದ ಹೊತ್ತಿನೊಳಗೆ ಉತ್ತರ ಬಾರದಿದ್ದರೆ ಪರದೆಯ ಮೇಲೆ 504 ಎಂಬ ಅಂಕಿ ಬೀಳುತ್ತದೆ. ಆಗ ಮನೆಯಲ್ಲಿ ಏನಾಗುತ್ತದೆಂಬುದು ಎಲ್ಲ ತಂದೆತಾಯಿಗಳಿಗೂ ಗೊತ್ತು. ಮಗ ಏನೋ ಮುಚ್ಚಿಡುತ್ತಿದ್ದಾನೆಂದು ಅಪ್ಪನಿಗೆ ಗುಮಾನಿ, ನಂಬರು ತಪ್ಪು ಹೊಡೆದೆಯಾ ಎಂದು ಅವ್ವನ ಆತಂಕ. ಮಗ ಮತ್ತೆ ಮತ್ತೆ ಅದೇ ಗುಂಡಿ ಒತ್ತುತ್ತಾನೆ. ಒಂದೊಂದು ಒತ್ತೂ ಬಾಗಿಲಿಗೆ ಬಂದ ಒಂದೊಂದು ಹೊಸ ಗಾಡಿ. ಸಾವಿರಾರು ಮನೆಗಳಲ್ಲಿ ಹೀಗೆ ಒತ್ತಿದಾಗ ಹೊರೆ ಇಳಿಯುವುದಿರಲಿ, ಇಮ್ಮಡಿಯಾಗುತ್ತದೆ. ಹತ್ತು ನಿಮಿಷ ಸುಮ್ಮನಿರುವುದು ಅಂದಿನ ಮಟ್ಟಿಗೆ ದೊಡ್ಡ ಉಪಕಾರ.

ರಬಕವಿ–ಬನಹಟ್ಟಿಯ ಕಡೆಗೆ ಬರೋಣ. ಇಲ್ಲಿ ಪವರ್‌ಲೂಮಿನ ಟಕಟಕ ಸದ್ದು ನಿಂತರೆ ಮಲಗಿದ್ದವರಿಗೆ ಎಚ್ಚರವಾಗುತ್ತದೆ. ಅಂಥದೊಂದು ನೇಕಾರರ ಮನೆಯ ಮಗಳು ಬಾಗಲಕೋಟೆಯಲ್ಲಿ ಇಂಜಿನಿಯರಿಂಗ್ ಓದಿ, ಬೆಂಗಳೂರಿನ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದಾಳೆ. ತಿಂಗಳಲ್ಲಿ ಹತ್ತು ದಿನ ಮನೆಯಿಂದಲೇ ಕೆಲಸ. ಮಗಳು ಸಂಬಳ ತರುತ್ತಾಳೆಂಬುದು ಅಪ್ಪನಿಗೆ ಗೊತ್ತು. ಏನು ಮಾಡಿ ತರುತ್ತಾಳೆಂಬುದು ಗೊತ್ತಿಲ್ಲ. ಒಂದು ದಿನ ಕೇಳಿಯೇಬಿಟ್ಟರು.

“ಅಲ್ಲವಾ, ನೀ ಇಡೀ ದಿನಾ ಬಡಿಯೋದು ಏನದು? ಇದರಾಗ ನೂಲಿಲ್ಲ, ಬಣ್ಣಿಲ್ಲ.”

“ಬಾಗಲಾ ಕಟ್ಟತೀನಿ ಅಪ್ಪಾ. ಬರೇ ಬರದು ಕಟ್ಟತೀನಿ.”

ಉತ್ತರ ಸರಿಯಾಗಿಯೇ ಇತ್ತು, ಅಪ್ಪನಿಗೆ ತಿಳಿಯಲಿಲ್ಲವಷ್ಟೇ. ಮೊದಲು ಇಂಥ ಬಾಗಿಲು ಬೇಕಾದರೆ ಪೆಟ್ಟಿಗೆಯಂಥ ಯಂತ್ರವನ್ನು ಕೊಂಡು ತಂದು, ತಂತಿ ಜೋಡಿಸಬೇಕಿತ್ತು. ಅಮೆಜಾನ್ ಕಂಪನಿ 2006ರಲ್ಲಿ ತನ್ನ ಯಂತ್ರಗಳನ್ನು ತಾಸಿನ ಲೆಕ್ಕದಲ್ಲಿ ಬಾಡಿಗೆಗೆ ಕೊಡತೊಡಗಿತು. 2009ರಲ್ಲಿ ಲೋಡ್ ಬ್ಯಾಲೆನ್ಸರನ್ನೂ ಹಾಗೆಯೇ ಕೊಟ್ಟಿತು. 2016ರಲ್ಲಿ ಮುಂಬಯಿಯಲ್ಲೇ ಅದರ ಕೇಂದ್ರ ಶುರುವಾಯಿತು. ಇದನ್ನೇ ಕ್ಲೌಡ್ ಎನ್ನುತ್ತಾರೆ. ಮೋಡವೆಂದರೂ ಇರುವುದು ನೆಲದ ಮೇಲೆಯೇ, ಬೇರೆಯವರ ಕಟ್ಟಡದಲ್ಲಿ.

ಬಾಡಿಗೆಯ ಬಾಗಿಲನ್ನು ಪರದೆಯ ಮೇಲೆ ಒಂದೊಂದೇ ಗುಂಡಿ ಒತ್ತಿಯೂ ಕಟ್ಟಬಹುದು. ಮೊದಲ ಸಲ ಸೊಗಸಾಗಿಯೇ ಆಗುತ್ತದೆ. ಆರು ತಿಂಗಳ ಮೇಲೆ ಅಂಥದೇ ಇನ್ನೊಂದು ಬೇಕೆಂದಾಗ ಯಾವ ಗುಂಡಿ ಒತ್ತಿದ್ದೆವು, ಯಾವುದನ್ನು ಬಿಟ್ಟಿದ್ದೆವು ಎಂಬುದು ನೆನಪಿರುವುದಿಲ್ಲ. ಒತ್ತಿದವನು ಕೆಲಸ ಬಿಟ್ಟು ಹೋಗಿರುತ್ತಾನೆ. ಆದ್ದರಿಂದ ಬೇಕಾದದ್ದನ್ನೆಲ್ಲ ಒಂದು ಕಡತದಲ್ಲಿ ಬರೆದಿಟ್ಟು, ಆ ಬರಹದಿಂದಲೇ ಕಟ್ಟಿಸುವ ಪದ್ಧತಿ ಬಂತು. ಮಿಚೆಲ್ ಹಾಶಿಮೊಟೊ ಮತ್ತು ಅರ್ಮನ್ ದಾದ್ಗರ್ ಎಂಬ ಇಬ್ಬರು ಗೆಳೆಯರು ಕಟ್ಟಿದ ಹ್ಯಾಶಿಕಾರ್ಪ್ ಕಂಪನಿ 2014ರಲ್ಲಿ ಹೊರತಂದ ಟೆರಾಫಾರ್ಮ್ ಈ ಕೆಲಸಕ್ಕೆ ಹೆಸರಾದ ಸಲಕರಣೆ. 2023ರಲ್ಲಿ ಅದರ ಪರವಾನಗಿಯ ಷರತ್ತು ಬಿಗಿಯಾದಾಗ, ಮುಕ್ತವಾಗಿಯೇ ಇರಬೇಕೆಂದವರು ಓಪನ್‌ಟೋಫು ಎಂಬ ಕವಲನ್ನು ಬೆಳೆಸಿದರು. ಬರೆಯುವ ರೀತಿ ಎರಡರಲ್ಲೂ ಬಹುಮಟ್ಟಿಗೆ ಒಂದೇ.

ಕಡತದಲ್ಲಿ ಏನಿರುತ್ತದೆ? ಬಾಗಿಲಿನ ಹೆಸರು. ಅದು ಯಾವ ಪೋರ್ಟಿನಲ್ಲಿ ಕಿವಿಗೊಟ್ಟು ಕೂರಬೇಕು: ಗುಟ್ಟಾಗಿ ಸಾಗುವ ಮಾತಿಗೆ 443. ಈ ಭಾಗಕ್ಕೆ ಲಿಸನರ್ ಎನ್ನುತ್ತಾರೆ. ಬಂದವರನ್ನು ಯಾವ ಯಂತ್ರಗಳ ಗುಂಪಿಗೆ ಕಳಿಸಬೇಕು: ಅದು ಟಾರ್ಗೆಟ್ ಗ್ರೂಪ್. ಆ ಯಂತ್ರಗಳು ಬದುಕಿವೆಯೇ ಎಂದು ಎಷ್ಟು ಹೊತ್ತಿಗೊಮ್ಮೆ ವಿಚಾರಿಸಬೇಕು: ಅದು ಹೆಲ್ತ್ ಚೆಕ್. ನೀವೇನೂ ಬರೆಯದಿದ್ದರೆ ಅಮೆಜಾನಿನ ಅಪ್ಲಿಕೇಶನ್ ಲೋಡ್ ಬ್ಯಾಲೆನ್ಸರ್ 30 ಸೆಕೆಂಡಿಗೊಮ್ಮೆ ಕೇಳುತ್ತದೆ. ಸತತ ಎರಡು ಸಲ ಸರಿಯಾದ ಉತ್ತರ ಬಾರದಿದ್ದರೆ ಆ ಯಂತ್ರಕ್ಕೆ ಗಾಡಿ ಬಂದ್. ಮತ್ತೆ ಸಾಲಿಗೆ ಸೇರಬೇಕಾದರೆ ಸತತ ಐದು ಸಲ ಸರಿಯಾಗಿ ಉತ್ತರಿಸಬೇಕು. ತಪ್ಪಿದವನನ್ನು ಬೇಗ ಹೊರಗಿಡು, ಸುಧಾರಿಸಿದೆನೆಂದವನನ್ನು ನಿಧಾನವಾಗಿ ನಂಬು ಎಂಬ ಈ ಲೆಕ್ಕ ಯಾವ ಮುದುಕ ಕಲಿಸಿದ್ದೋ!

ಇನ್ನೊಂದು ಕಟ್ಟುಪಾಡು. ಯಂತ್ರಗಳ ಕಟ್ಟಡ ಒಂದೇ ಆದರೆ ಸಾಲದು, ಬೇರೆ ಬೇರೆ ಕಡೆಯ ಎರಡು ವಲಯಗಳನ್ನಾದರೂ ಹೆಸರಿಸಬೇಕು. 2019ರ ಆಗಸ್ಟಿನ ಪ್ರವಾಹ ಕಂಡ ಮುಧೋಳ, ಜಮಖಂಡಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೀಜದ ಕಾಳನ್ನೆಲ್ಲ ಹೊಳೆದಂಡೆಯ ಮನೆಯೊಂದರಲ್ಲೇ ಯಾರೂ ಇಡುವುದಿಲ್ಲ.

ಅಪ್ಪನಿಗೆ ಮಗಳು ತಿಳಿಸಿದ್ದು ಇಷ್ಟು ಉದ್ದವಾಗಿ ಅಲ್ಲ. ಮಗ್ಗದ ಮೇಲೆ ತೂಗುತ್ತಿದ್ದ ಜಕಾರ್ಡಿನ ಕಾರ್ಡುಗಳ ಸರವನ್ನು ತೋರಿಸಿ, “ನಂದೂ ಇಂಥಾದ್ದ ಅಪ್ಪಾ” ಎಂದಳು.

ಇದು ತಮಾಷೆಯ ಹೋಲಿಕೆಯಲ್ಲ, ವಂಶಾವಳಿ. ಫ್ರಾನ್ಸಿನ ಲಿಯಾನ್ ನಗರದ ಜಕಾರ್ಡ್ 1804ರ ಸುಮಾರಿಗೆ ರೂಢಿಗೆ ತಂದ ಯಂತ್ರದಲ್ಲಿ ತೂತು ಹೊಡೆದ ರಟ್ಟಿನ ಕಾರ್ಡುಗಳಿದ್ದವು. ತೂತಿದ್ದಲ್ಲಿ ಕೊಕ್ಕೆ ಮೇಲೇಳುತ್ತದೆ, ಹಾಸಿನ ಎಳೆಯನ್ನು ಎತ್ತುತ್ತದೆ, ಕೆಳಗೆ ಲಾಳಿ ಹಾಯುತ್ತದೆ. ತೂತಿಲ್ಲದಲ್ಲಿ ಎಳೆ ಹಾಗೇ ಇರುತ್ತದೆ. ಒಂದು ಹೊಕ್ಕಿಗೆ ಒಂದು ಕಾರ್ಡು. ಆ ಸರವನ್ನು ಇನ್ನೊಂದು ಮಗ್ಗಕ್ಕೆ ಹಾಕಿದರೆ ಅದೇ ಅಂಚು, ಅದೇ ಸೆರಗು. ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ ತನ್ನ ಲೆಕ್ಕದ ಯಂತ್ರಕ್ಕೆ ಇದೇ ಕಾರ್ಡುಗಳನ್ನು ಬಳಸಬೇಕೆಂದುಕೊಂಡ. 1890ರ ಅಮೆರಿಕದ ಜನಗಣತಿಯಲ್ಲಿ ಹಾಲರಿತ್ ತೂತಿನ ಕಾರ್ಡುಗಳಿಂದಲೇ ಎಣಿಸಿದ. ಕಂಪ್ಯೂಟರಿನ ತವರು ಮಗ್ಗದ ಮನೆಯೆಂದರೆ ತಪ್ಪಾಗದು.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: “ನೀ ಬರಿಯೂದರಾಗ ಮೊದಲ ಇದನ್ನ ಎತ್ತು, ಆಮ್ಯಾಲೆ ಅದನ್ನ ಎತ್ತು ಅಂತ ಇರತೈತೇನು?”

“ಇಲ್ಲಪ್ಪಾ. ಕಡೀಕ ಹೆಂಗ ಕಾಣಬೇಕು ಅನ್ನೂದಷ್ಟ ಬರೀತೀನಿ. ಯಾವುದು ಮೊದಲ, ಯಾವುದು ಹಿಂದ ಅಂತ ಅದ ನೋಡಕೊಂತೈತಿ.”

“ಹಂಗಾರ ನಿಂದು ಕಾರ್ಡಲ್ಲ ಬಿಡು. ಗ್ರಾಫ್ ಹಾಳಿ.”

ಎಷ್ಟೋ ಇಂಜಿನಿಯರುಗಳಿಗೆ ಎರಡು ದಿನದ ತರಬೇತಿಯಲ್ಲೂ ತಲೆಗೆ ಹೋಗದ ಮಾತು ಇದು. ಸೀರೆಯ ವಿನ್ಯಾಸವನ್ನು ಮೊದಲು ಚೌಕುಳಿ ಹಾಳೆಯ ಮೇಲೆ ತುಂಬುತ್ತಾರೆ. ಅದು ಮುಗಿದ ಚಿತ್ರ. ಅದನ್ನು ನೋಡಿ ಕಾರ್ಡು ಹೊಡೆಯುವುದು ಬೇರೆ ಕೆಲಸ. ಟೆರಾಫಾರ್ಮಿನಲ್ಲಿ ನೀವು ಹಾಳೆ ತುಂಬುತ್ತೀರಿ, ಕಾರ್ಡು ಹೊಡೆಯುವುದು ಸಲಕರಣೆಯ ಪಾಲು. ಅದರ ಬಳಿ ಸ್ಟೇಟ್ ಎಂಬ ಇನ್ನೊಂದು ಕಡತವೂ ಇರುತ್ತದೆ. ಯಾವ ಮಗ್ಗಕ್ಕೆ ಯಾವ ಹಾಸು ಹೂಡಿದೆ ಎಂದು ಮಾಲಕರು ಬರೆದಿಡುವ ವಹಿಯಂತೆ ಅದು. ಯಾರೋ ವಹಿಗೆ ಹೇಳದೆ ಮಗ್ಗದಲ್ಲಿ ಕೈಯಾಡಿಸಿದರೆ ಬರೆದದ್ದಕ್ಕೂ ಇರುವುದಕ್ಕೂ ತಾಳೆಯಾಗುವುದಿಲ್ಲ.

ಇಲ್ಲಿ ವಿದ್ಯಾರ್ಥಿಗಳಿಗೊಂದು ಕಿವಿಮಾತು. ಇದನ್ನು ಕಲಿಯಲು ಸಾವಿರಗಟ್ಟಲೆ ಶುಲ್ಕದ ತರಗತಿಗೆ ಸೇರುವ ಮೊದಲು ಮನೆಯ ಲ್ಯಾಪ್‌ಟಾಪಿನಲ್ಲೇ ಎನ್ಜಿನ್ಎಕ್ಸ್‌ನ ಎರಡು ಚಿಕ್ಕ ಸರ್ವರ್ ಓಡಿಸಿ, ಅವುಗಳ ಮುಂದೆ ಎಚ್‌ಎಪ್ರಾಕ್ಸಿಯನ್ನು ನಿಲ್ಲಿಸಿ ನೋಡಿ. ಎರಡೂ ಪುಕ್ಕಟೆ. ಎಚ್‌ಎಪ್ರಾಕ್ಸಿ ಬರೆದ ವಿಲ್ಲಿ ಟಾರೋ ಕೂಡ ಜಕಾರ್ಡನ ಹಾಗೆ ಫ್ರಾನ್ಸಿನವನೇ. ಒಂದು ಸರ್ವರನ್ನು ಕೊಂದು, ಗಾಡಿಗಳೆಲ್ಲ ಇನ್ನೊಂದರತ್ತ ತಿರುಗುವುದನ್ನು ಕಣ್ಣಾರೆ ಕಂಡರೆ ಅರ್ಧ ಪಾಠ ಮುಗಿಯಿತು. ಕ್ಲೌಡಿನ ಲೋಡ್ ಬ್ಯಾಲೆನ್ಸರಿಗೆ ಒಬ್ಬ ಗಿರಾಕಿಯೂ ಬಾರದಿದ್ದರೂ ತಾಸಿನ ಬಾಡಿಗೆ ಓಡುತ್ತಲೇ ಇರುತ್ತದೆ. ಅಪ್ಪನ ಕಾರ್ಡಿನ ನಂಬರು ಕೊಟ್ಟು ಅಭ್ಯಾಸಕ್ಕೆ ಕಟ್ಟಿ, ಕೆಡವುವುದನ್ನು ಮರೆತವರಿಗೆ ತಿಂಗಳ ಕೊನೆಗೆ ಬಿಲ್ಲು ಬಂದಾಗಲೇ ಎಚ್ಚರ. ಕಟ್ಟಲು ‘ಅಪ್ಲೈ’ ಇರುವಂತೆ ಕೆಡವಲು ‘ಡಿಸ್ಟ್ರಾಯ್’ ಎಂಬ ಆಜ್ಞೆಯಿದೆ. ಮೊದಲ ದಿನವೇ ಎರಡನ್ನೂ ಕಲಿಯಬೇಕು.

ಆ ಮಗಳ ಕಂಪನಿ ನೋಡಿಕೊಳ್ಳುವ ಜಾಲತಾಣಗಳಲ್ಲಿ ಕಾಲೇಜು ಪ್ರವೇಶದ ಅರ್ಜಿ ತುಂಬುವಂಥದು ಒಂದು. ಕೊನೆಯ ದಿನ ನಡುರಾತ್ರಿಗೆ ಬಾಗಿಲು ಮುಚ್ಚುತ್ತದೆ. ದಾಖಲೆ ಕೂಡಿಸುವುದು, ಶುಲ್ಕ ಹೊಂದಿಸುವುದು, ಊರಿನಿಂದ ತಾಲೂಕಿಗೆ ಬಸ್ಸು ಹಿಡಿಯುವುದು ಇದರಲ್ಲೇ ದಿನಗಳು ಕಳೆದು, ಹಳ್ಳಿಯ ಮಕ್ಕಳು ಕಂಪ್ಯೂಟರ್ ಅಂಗಡಿಯ ಮುಂದೆ ಸಾಲು ನಿಲ್ಲುವುದು ಯಾವಾಗಲೂ ಕಡೆಯ ಎರಡು ದಿನ. ಅಂಥ ಕಡೆಯ ದಿನದ ಹಿಂದಿನ ಸಂಜೆ ಸಹೋದ್ಯೋಗಿಯೊಬ್ಬ ಕಳಿಸಿದ ತಿದ್ದುಪಡಿಯೊಂದು ಅವಳಿಗೆ ಬಂತು. ಲೋಡ್ ಬ್ಯಾಲೆನ್ಸರಿನ ಹೆಸರಿನಲ್ಲಿ ಒಂದಕ್ಷರ ಮೊದಲಿನಿಂದಲೂ ತಪ್ಪಿತ್ತು. ಅವನು ಅದನ್ನು ಸರಿಪಡಿಸಿದ್ದ. ನೋಡಿದವರಾರೂ ಬೇಡವೆನ್ನಲಾರರು.

ಅದೇ ಹೊತ್ತಿಗೆ ಬನಹಟ್ಟಿಯಲ್ಲಿ ಕರೆಂಟು ಹೋಯಿತು. ಮಗ್ಗಗಳೆಲ್ಲ ಒಮ್ಮೆಲೇ ನಿಂತವು. ಅವಳು ಮೊಬೈಲಿನ ಇಂಟರ್ನೆಟ್ಟಿಗೆ ಲ್ಯಾಪ್‌ಟಾಪ್ ಜೋಡಿಸಿ ‘ಪ್ಲಾನ್’ ಆಜ್ಞೆ ಕೊಟ್ಟಳು. ಏನನ್ನೂ ಮುಟ್ಟದೆ, ಮುಟ್ಟಿದರೆ ಏನಾಗುತ್ತದೆಂದು ಮೊದಲೇ ತೋರಿಸುವ ಆಜ್ಞೆಯದು. ಸೇರಿಸುವುದಕ್ಕೆ ಕೂಡುವ ಗುರುತು, ತೆಗೆಯುವುದಕ್ಕೆ ಕಳೆಯುವ ಗುರುತು ಹಾಕಿ ಸಾಲುಸಾಲಾಗಿ ಬರೆಯುತ್ತದೆ. ಒಂದಕ್ಷರದ ತಿದ್ದುಪಡಿಗೆ ಕಡೆಯಲ್ಲಿ ಬಂದ ಲೆಕ್ಕ: 2 ಸೇರಿಸುವುದು, 1 ಬದಲಿಸುವುದು, 2 ಅಳಿಸುವುದು.

ಅಪ್ಪ ಕಂದೀಲು ಹಿಡಿದು ಹತ್ತಿರ ಬಂದರು. ಅವಳು ಅಳಿಸುವ ಆ ಎರಡನ್ನು ಓದುತ್ತಿದ್ದಳು. ಮೊದಲನೆಯದು ಲೋಡ್ ಬ್ಯಾಲೆನ್ಸರ್, ಎರಡನೆಯದು ಅದರ ಲಿಸನರ್. ಇದ್ದ ಬಾಗಿಲಿನ ಹೆಸರನ್ನು ಬದಲಿಸುವ ಸೌಲಭ್ಯ ಅಲ್ಲಿಲ್ಲ. ಹೆಸರು ಬೇರೆಯೆಂದರೆ ಬಾಗಿಲೇ ಬೇರೆ. ಹಳೆಯದನ್ನು ಕೆಡವಿ ಹೊಸದನ್ನು ಕಟ್ಟುತ್ತದೆ, ಅದರ ವಿಳಾಸವೂ ಹೊಸದು. ಕೆಡವಿ ಕಟ್ಟುವ ಆ ಕೆಲವು ನಿಮಿಷ, ಹೊಸ ವಿಳಾಸ ಎಲ್ಲ ಕಡೆ ಹರಡುವತನಕದ ಇನ್ನಷ್ಟು ಹೊತ್ತು, ರಾಜ್ಯದ ಯಾವ ಕಂಪ್ಯೂಟರ್ ಅಂಗಡಿಯಲ್ಲೂ ಆ ಜಾಲತಾಣ ತೆರೆಯುವುದಿಲ್ಲ.

ಮುಂದುವರಿಯಬೇಕೆಂದು ‘ಅಪ್ಲೈ’ ಕೊಟ್ಟರೆ ‘ಯೆಸ್’ ಎಂದು ಪೂರ್ತಿ ಬರೆಯಬೇಕು. ಬರೀ ‘ವೈ’ ಎಂದರೆ ಟೆರಾಫಾರ್ಮ್ ಒಪ್ಪುವುದಿಲ್ಲ. ಆ ಮೂರು ಅಕ್ಷರ ಹೊಡೆಯುವಷ್ಟು ಹೊತ್ತಾದರೂ ಮನುಷ್ಯ ಯೋಚಿಸಲಿ ಎಂದಿರಬೇಕು.

“ಏನಾತವಾ?”

“ಹೆಸರ ತಿದ್ದಬೇಕಂತಪ್ಪಾ. ತಿದ್ದಿದರ ಬಾಗಲಾನ ಬೀಳತೈತಿ.”

“ಹಾಸು ಮುಗಿಯೂತನಾ ಕಾಯಿ. ನಡುವ ಯಾರರ ಕತ್ತರಿ ಹಾಕತಾರೇನು?”

ಅವಳು ‘ಅಪ್ಲೈ’ ಕೊಡಲಿಲ್ಲ. ಸಹೋದ್ಯೋಗಿಗೆ ಫೋನು ಮಾಡಿ, ನಿನ್ನ ಕಾಗುಣಿತ ಸರಿಯಾಗಿದೆ, ದಿನ ಸರಿಯಿಲ್ಲ ಎಂದಳು. ಕಡತದಲ್ಲಿ ಆ ಬಾಗಿಲಿನ ಮೇಲೆ, ಇದನ್ನು ಅಳಿಸಹೊರಟರೆ ಪ್ಲಾನೇ ಮುರಿದು ನಿಲ್ಲುವಂಥ ಒಂದು ಸಾಲನ್ನು ಅಂದೇ ಸೇರಿಸಿದಳು. ಹಾಗೊಂದು ಸಾಲು ಟೆರಾಫಾರ್ಮಿನಲ್ಲಿದೆ. ಬಹಳಷ್ಟು ಜನರಿಗೆ ಅದು ನೆನಪಾಗುವುದು ಕೆಟ್ಟ ಮೇಲೆ. ಮರುದಿನ ನಡುರಾತ್ರಿಯವರೆಗೂ ತಪ್ಪು ಹೆಸರಿನ ಆ ಬಾಗಿಲು ಅರ್ಜಿಗಳನ್ನು ಒಳಗೆ ಬಿಟ್ಟುಕೊಂಡಿತು.

ಎರಡು ವಾರ ಕಳೆದು ಒಂದು ಭಾನುವಾರ ಬೆಳಗಿನ ಜಾವ ಸರಿಯಾದ ಹೆಸರಿನ ಬಾಗಿಲನ್ನು ಹಳೆಯದರ ಪಕ್ಕದಲ್ಲೇ ಕಟ್ಟಿದರು. ವಿಳಾಸವನ್ನು ಅದರತ್ತ ತಿರುಗಿಸಿ ಒಂದು ದಿನ ಕಾದರು. ಹಳೆಯದಕ್ಕೆ ಯಾರೂ ಬರುತ್ತಿಲ್ಲವೆಂದು ಎಣಿಕೆ ತೋರಿಸಿದ ಮೇಲೆ, ಕಾವಲಿನ ಸಾಲನ್ನು ತೆಗೆದು, ಅದನ್ನು ಕೆಡವಿದರು.